ಕ್ಲಾರೆನ್ಸನ ರೆಕಾರ್ಡಿಗೆ ಅತ್ತೆಯ ಸ್ವರ

ದುಬೈಯಿಂದ ದೂರದ ರುವೈಸಿನ ಎಣ್ಣೆ ರಿಫೈನರಿಯಲ್ಲಿ ಕ್ಲಾರೆನ್ಸನನ್ನು ಗೊತ್ತಿಲ್ಲದವರು ಕಡಿಮೆ. ಐವತ್ತು ದಾಟಿದ ಮೇಲೂ ಜುಟ್ಟು ಬಿಟ್ಟ ಟೆಕ್ನಿಷಿಯನ್ ಅಲ್ಲಿ ಅವನೊಬ್ಬನೇ. ಸೇಫ್ಟಿ ಆಫೀಸರ್ ಎಷ್ಟು ಗೊಣಗಿದರೂ ಅದಕ್ಕೆ ಕತ್ತರಿ ಹಾಕಿಸಲಿಲ್ಲ. ಹೆಲ್ಮೆಟ್ ಹಾಕುವಾಗ ಕಾಲರಿನೊಳಗೆ ತುರುಕಿಕೊಳ್ಳುತ್ತಿದ್ದ. ಯಾಕೆಂದರೆ ವಾರವಿಡೀ ವಾಲ್ವು ರಿಪೇರಿ ಮಾಡುವ ಈ ಕಿನ್ನಿಗೋಳಿಯ ಮನುಷ್ಯ ವಾರದ ಕೊನೆಗೆ ಕಾರು ಹತ್ತಿ ದುಬೈ ಮುಟ್ಟಿದನೆಂದರೆ ರಾಕ್ ಸ್ಟಾರ್. ಕಡೇಪಕ್ಷ ಅವನ ಮಟ್ಟಿಗೆ.

ಇಪ್ಪತ್ತು ವರ್ಷ ಹೋಟೆಲುಗಳಲ್ಲಿ ಬ್ಯಾಂಡ್ ಕಟ್ಟಿಕೊಂಡು ಹಾಡಿದ್ದಾನೆ. ಹಾಡಿದ್ದೆಲ್ಲ ಬೇರೆಯವರ ಹಿಟ್ ಹಾಡುಗಳು. ಕುಡಿದು ಖುಷಿಯಾದವರು ಬೆನ್ನು ತಟ್ಟಿ, "ಭಲೇ, ಥೇಟ್ ಒರಿಜಿನಲ್ ತರಾನೇ ಉಂಟು!" ಎಂದು ಹೊಗಳುವರು. ಕ್ಲಾರೆನ್ಸ್ ಹಲ್ಲು ಕಿರಿಯುವನು, ಒಳಗೊಳಗೇ ಉರಿದುಹೋಗುವನು. ತನ್ನದೇ ಸ್ವರ ಅಂತ ಒಂದಿದೆ, ಅದು ತನ್ನ ಹೆಸರಿನ ರೆಕಾರ್ಡಿನಲ್ಲಿ ಒಮ್ಮೆಯಾದರೂ ಕೇಳಿಸಬೇಕು ಎನ್ನುವುದೊಂದೇ ಅವನ ಜೀವನದ ಹಟ.

ಆ ಹಟಕ್ಕೆ ದಾರಿ ತೋರಿಸಿದ್ದು ಕಂಪನಿಯ ಅಮೆರಿಕನ್ ಫೋರ್‌ಮನ್. ಆತ ಬಾರ್ಬೆಕ್ಯೂ ಹಚ್ಚಿದಾಗಲೆಲ್ಲ ತನ್ನ ದೇಶದ ಹಳೇ ಹಾಡು ಹಾಡುತ್ತಿದ್ದ. ರೈಲು ಹಳಿ ಹಾಸುವವರು, ಗಣಿಯಲ್ಲಿ ಇಳಿಯುವವರು, ಹತ್ತಿ ಬಿಡಿಸುವವರು ಕಟ್ಟಿದ ಪದಗಳು. "ಮೊದಲು ಹಾಡಿದ್ದು ಯಾರು?" ಎಂದು ಕ್ಲಾರೆನ್ಸ್ ಕೇಳಿದ್ದಕ್ಕೆ ಫೋರ್‌ಮನ್ ಹೆಗಲು ಹಾರಿಸಿದ. ಯಾರಿಗೂ ಗೊತ್ತಿಲ್ಲವಂತೆ! ಕ್ಲಾರೆನ್ಸನಿಗೆ ಕುಣಿಯುವಂತಾಯಿತು. ಒರಿಜಿನಲ್ಲೇ ಇಲ್ಲದ ಮೇಲೆ ಅದರ ತರ ಇದೆ ಎಂದು ಯಾರು ತಾನೇ ಹೇಳಿಯಾರು? ಅವನ್ನೆಲ್ಲ ಕಲಿತ, ಎಲೆಕ್ಟ್ರಿಕ್ ಗಿಟಾರಿಗೆ ಒಗ್ಗಿಸಿದ, ಹೆಂಡತಿ ಪ್ಯಾಟ್ರಿಶಿಯಾಳ ಕಿವಿ ಕಿತ್ತುಹೋಗುವಷ್ಟು ಅಭ್ಯಾಸ ಮಾಡಿದ.

ಕೊನೆಗೂ ದುಬೈಯ ಒಂದು ಸಣ್ಣ ಹಾಲ್ ಶನಿವಾರ ಸಂಜೆಯ ಮಟ್ಟಿಗೆ ಸಿಕ್ಕಿತು. ಸ್ಟುಡಿಯೋದ ಗೋಡೆಗೆ ಹಾಡಿದರೆ ರಕ್ತ ಬಿಸಿಯಾಗುವುದಿಲ್ಲ, ಜನರ ಮುಂದೆಯೇ ರೆಕಾರ್ಡ್ ಆಗಬೇಕು, ಲೈವ್ ಆಲ್ಬಮ್ಮೇ ಬೇಕು ಎಂದು ಹಾರಾಡಿದವನು ಅವನೇ. ಆ ಜನರ ಬಾಯಿಗೆ ಬೀಗ ಜಡಿದವನೂ ಅವನೇ. "ಹಾಡುವಾಗ ಯಾರೂ ಕೆಮ್ಮಬಾರದು, ಜೊತೆಗೆ ಹಾಡಬಾರದು. ಚಪ್ಪಾಳೆ ಏನಿದ್ದರೂ ಕೊನೆಗೆ," ಎಂದು ಮೈಕಿನಲ್ಲೇ ಕಟ್ಟಪ್ಪಣೆ ಮಾಡಿದ. ಸೌಂಡ್ ನೋಡಿಕೊಳ್ಳುವ ಡ್ಯಾರಲ್ ಜನರ ಕಡೆಗಿದ್ದ ಮೈಕುಗಳನ್ನು ಆಫ್ ಮಾಡಿದ. ಬಂದವರೆಲ್ಲ ಊರ ಕಡೆಯ ಕೊಂಕಣಿ ಮಂದಿ, ಹೆಚ್ಚಿನವರು ಹೆಂಗಸರು. ಮುಂದಿನ ಸಾಲಿನಲ್ಲಿ ವಿಸಿಟ್ ವೀಸಾದಲ್ಲಿ ಬಂದ ಅತ್ತೆ ಕ್ಯಾರೊಲಿನ್ ಬಾಯಿ.

ಮೊದಲನೆಯದು ಹಳಿ ಹಾಸುವವರ ಹಾಡು. ಮೇಸ್ತ್ರಿ ಒಂದು ಸಾಲು ಎತ್ತಬೇಕು, ಕೂಲಿಯವರು ಅದನ್ನು ತಿರುಗಿ ಹೇಳುತ್ತ ಹಳಿ ಎಳೆಯಬೇಕು. ಕೂಲಿಯವರ ಜಾಗದಲ್ಲಿ ಕ್ಲಾರೆನ್ಸ್ ಗಿಟಾರ್ ಇಟ್ಟಿದ್ದ. ಒಂದು ಸಾಲು ಹಾಡಿ ನಿಲ್ಲಿಸಿದ, ಗಿಟಾರ್ ಉತ್ತರ ಕೊಟ್ಟಿತು. ಇನ್ನೊಂದು ಸಾಲು ಹಾಡಿ ನಿಲ್ಲಿಸಿದ. ಅಷ್ಟರಲ್ಲಿ ಅತ್ತೆ ಹಿಂದೆ ತಿರುಗಿ ಹೆಂಗಸರನ್ನೆಲ್ಲ ದುರುಗುಟ್ಟಿ ನೋಡುವುದು ಅವನಿಗೆ ಕಾಣಿಸಿತು. ಮೂರನೇ ಸಾಲು ಮುಗಿಯುವುದಕ್ಕೂ ಆಕೆಯ ಗಂಟಲು ಬಿಚ್ಚುವುದಕ್ಕೂ ಸರಿಹೋಯಿತು. ಇಂಗ್ಲಿಷ್ ಪದ ಗೊತ್ತಿಲ್ಲ. ಕೇಳಿಸಿದಷ್ಟನ್ನೇ ಹಿಡಿದು, ಬಾಲಕ್ಕೆ ಒಂದು ಉದ್ದನೆಯ 'ಓ' ಸೇರಿಸಿ ತಿರುಗಿ ಹಾಡಿದರು. ನಾಲ್ಕನೇ ಸಾಲಿಗೆ ಹಿಂದಿನ ಹೆಂಗಸರೂ ಸೇರಿಕೊಂಡರು.

ಅದು ರೋಸ್ ಶಾಸ್ತ್ರದ ಮನೆಯ ಅಭ್ಯಾಸ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹಿರಿಯಳೊಬ್ಬಳು ವೊವಿ ಎನ್ನುವ ಮದುವೆ ಪದ ಎತ್ತುತ್ತಾಳೆ, ಉಳಿದವರು ಅದನ್ನು ತಿರುಗಿ ಹೇಳುತ್ತಾರೆ. ತಿರುಗಿ ಹೇಳದೆ ಬಿಟ್ಟರೆ ಎತ್ತಿದವರಿಗೆ ಅವಮಾನ ಎಂಬುದು ಕ್ಯಾರೊಲಿನ್ ಬಾಯಿಯ ನಂಬಿಕೆ. ಅಂಥದ್ದರಲ್ಲಿ ಅಳಿಯನನ್ನು ಸ್ಟೇಜಿನ ಮೇಲೆ ಒಂಟಿ ಮಾಡಿ ಕೂತ ಜನರನ್ನು ಕಂಡು ಆಕೆಗೆ ತಡೆಯಲಾಗಲಿಲ್ಲ.

ಡ್ಯಾರಲ್ ಎರಡೂ ಕೈ ಬೀಸಿದ. ಕ್ಲಾರೆನ್ಸ್ ಗಿಟಾರ್ ನಿಲ್ಲಿಸಿದ. ಪ್ಯಾಟ್ರಿಶಿಯಾ ತಾಯಿಯ ಸೆರಗು ಜಗ್ಗಿದಳು.

"ತಪ್ಪಾಯ್ತಾ ಪುತಾ?" ಅತ್ತೆಯ ಮುಖ ಸಣ್ಣದಾಗಿತ್ತು. "ನೀನು ಪಾಪ ಒಬ್ಬನೇ ಹಾಡ್ತಾ ಇದ್ದಿ. ಒಬ್ಬರೂ ಬಾಯಿ ಬಿಡ್ಲಿಲ್ಲ."

ಕ್ಲಾರೆನ್ಸನಿಗೆ ಸಿಟ್ಟು ಬಂದಿರಬೇಕೆಂದು ಎಲ್ಲರೂ ಅಂದುಕೊಂಡರು. ಆದರೆ ಅವನ ಮೈಯೆಲ್ಲ ಜುಂ ಎನ್ನುತ್ತಿತ್ತು. ಅಷ್ಟು ವರ್ಷಗಳಲ್ಲಿ ಜನ ಅವನಿಗೆ ಚಪ್ಪಾಳೆ ತಟ್ಟಿದ್ದರು, ಬೆನ್ನು ತಟ್ಟಿದ್ದರು. ಅವನು ಹಾಡಿದ್ದಕ್ಕೆ ಹಾಡಿಯೇ ಉತ್ತರ ಕೊಟ್ಟದ್ದು ಇದೇ ಮೊದಲು.

"ಡ್ಯಾರಲ್, ಜನರ ಕಡೆಯ ಮೈಕ್ ಆನ್ ಮಾಡು," ಎಂದ. "ಎಲ್ಲವನ್ನೂ!"

"ಅಂಕಲ್, ಎಂತ ಹೇಳ್ತಾ ಇದ್ದೀರಿ? ಇವರ ಸೌಂಡಲ್ಲಿ ನಿಮ್ಮ ವಾಯ್ಸ್ ಮುಳುಗಿ ಹೋಗ್ತದೆ. ಆಲ್ಬಂ ನಿಮ್ಮದು!"

"ಮುಳುಗಲಿ ಮಾರಾಯ!" ಕ್ಲಾರೆನ್ಸ್ ಅತ್ತೆಯ ಕಡೆ ತಿರುಗಿದ. "ಮಾಂಯ್, ನೀವು ಮೇಲೆ ಬನ್ನಿ. ಆ 'ಓ' ಇನ್ನೂ ಸ್ವಲ್ಪ ಎಳೀರಿ. ಯಲ್ಲಾ, ಶುರು ಮಾಡುವಾ, ಮೊದಲಿಂದ!"

ಮುಂದಿನದ್ದನ್ನು ಡ್ಯಾರಲ್ ಇವತ್ತಿಗೂ ಕಂಡಕಂಡವರಿಗೆ ಹೇಳುತ್ತಾನೆ. ಕ್ಲಾರೆನ್ಸ್ ಸಾಲು ಎತ್ತಿದ್ದೇ ತಡ, ಇಡೀ ಹಾಲ್ ಅದನ್ನು ಕಸಿದುಕೊಂಡಿತು. ಆಸ್ಪತ್ರೆಯ ನರ್ಸುಗಳು, ಹೋಟೆಲಿನ ಕ್ಯಾಷಿಯರುಗಳು, ಇಂಗ್ಲಿಷಿನಲ್ಲೇ ಬೆಳೆದ ಅವರ ಮಕ್ಕಳು ಎಲ್ಲರೂ ನಿಂತು, ಕುರ್ಚಿಯ ಬೆನ್ನು ಬಡಿದು, ಎಲ್ಲಿಯದೋ ಹಳಿಯನ್ನು ಎಳೆದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೈಕಿಗೇ ಅಂಟಿಕೊಂಡರು. ಕ್ಲಾರೆನ್ಸ್ ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ಗೊತ್ತಾಗಲಿಲ್ಲ.

ಆಲ್ಬಂ ಹೊರಬಂತು. ಕವರಿನ ಮೇಲೆ ಅವನ ಹೆಸರು ದಪ್ಪಕ್ಷರದಲ್ಲಿದೆ. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಅದೇ ಹಾಡು ಹಾಕುತ್ತಾನೆ. ಅವರು ಕಿವಿಗೊಟ್ಟು ಕೇಳಿ, "ಇದರಲ್ಲಿ ನಿಮ್ಮ ಸ್ವರ ಎಲ್ಲುಂಟು?" ಎಂದು ಕೇಳಿದರೆ, "ನೋಡುವಾ, ಹುಡುಕಿ!" ಎಂದು ವಾಲ್ಯೂಮ್ ಏರಿಸುತ್ತಾನೆ.