ಬಾಹ್ಯಾಕಾಶದ ಯಾರ್ಡ್ ಮಾಸ್ಟರು

ಕಾಕಾ ಕಂಪ್ಯೂಟರಿನ ಮೌಸನ್ನು ಹಸಿರು ಬಾವುಟ ಹಿಡಿದಂತೆ ಹಿಡಿಯುತ್ತಿದ್ದರು. ತೋಳು ನೆಟ್ಟಗೆ, ಮೊಣಕೈ ಬಿಗಿ, ಗದ್ದ ಮೇಲಕ್ಕೆ. ಕಿವಿಯ ಸಂದಿಯಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್. ಈ ಭಂಗಿಯನ್ನು ಕೊಂಡಾಪುರದ ನಮ್ಮ ಆಫೀಸಿನಲ್ಲಿ ಮಾಡಿ ತೋರಿಸಿ ನಾನು ಎಷ್ಟೋ ಚಹಾ ಗಿಟ್ಟಿಸಿದ್ದೇನೆ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುವುದು ಮರ್ಯಾದೆ: ಕಾಕಾ ನನ್ನನ್ನು ನಂಬಿ ಬಿಟ್ಟುಹೋಗಿದ್ದ ನಲವತ್ತೊಂದು ಜನ ಉಸಿರುಗಟ್ಟಿ ಸತ್ತದ್ದು ನನ್ನ ದಡ್ಡತನದಿಂದಲೇ. ಪೊಲೀಸರಿಗೆ ಫೋನ್ ಮಾಡಬೇಡಿ. ಸತ್ತವರೆಲ್ಲ ಕಂಪ್ಯೂಟರ್ ಆಟದೊಳಗಿನವರು.

ಕಾಕಾ ಎಂದರೆ ಲಿಂಗಂಪಲ್ಲಿಯಲ್ಲಿ ನಾನಿದ್ದ ಮನೆಯ ಮಾಲೀಕರು. ಕಲಬುರಗಿ ಕಡೆಯವರು, ರೈಲ್ವೆಯಲ್ಲಿ ಗೂಡ್ಸ್ ಯಾರ್ಡ್ ಮಾಸ್ಟರ್ ಆಗಿ ನಿವೃತ್ತರು. ಅವರೂ ಅವರ ಹೆಂಡತಿ ಕಾಕಿಯೂ ಕೆಳಗೆ, ಮೈಸೂರಿನ ನಾನು ಮೇಲಿನ ಒಂಟಿ ಕೋಣೆಯಲ್ಲಿ. ಮೊದಲ ದಿನ “ಅಂಕಲ್” ಎಂದೆ.

“ಅಂಕಲ್ ಅಂದ್ರ ಬಾಡಿಗಿ ಹೆಚ್ಚು. ಕಾಕಾ ಅಂದ್ರ ಕಡಿಮಿ. ಹ್ಯಾಂಗ ಕರೀತಿ ನೋಡು,” ಎಂದರು. ಆ ಕ್ಷಣದಿಂದ ನನಗೊಬ್ಬ ಚಿಕ್ಕಪ್ಪ ಸಿಕ್ಕಿದ.

ಜಗತ್ತಿನ ಯಾವ ಸುದ್ದಿ ಹೇಳಿದರೂ ಕಾಕಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಜಾಗಾ ಐತೇನು?” ನಾನು ಬೈಕ್ ಕೊಳ್ಳುತ್ತೇನೆ ಎಂದರೆ, ಜಾಗಾ ಐತೇನು? ಎದುರು ಮನೆಯವರಿಗೆ ಅವಳಿ ಮಕ್ಕಳು ಎಂದರೆ, ಜಾಗಾ ಐತೇನು? ಬಂದ ಪ್ರತಿಯೊಂದು ಗಾಡಿಗೂ ಒಂದು ಹಳಿ ಹುಡುಕಿ ನಿಲ್ಲಿಸಿದ ಮನುಷ್ಯ, ಪಾಪ.

ನಿವೃತ್ತಿಯ ಮೇಲೂ ದಿನಾ ಬೆಳಿಗ್ಗೆ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ನಿಂತು ಗೂಡ್ಸ್ ಗಾಡಿಗಳನ್ನು ನೋಡುವುದು ಅವರ ರೂಢಿ. ಒಂದು ವರ್ಷ ಮೊಣಕಾಲು ‘ಇನ್ನು ಮೆಟ್ಟಿಲು ಸಾಕು’ ಎಂದಿತು. ಕಾಕಾ ಮನೆಯಲ್ಲಿ ಕೂತರು. ಕೂತವರು ಅಡುಗೆಮನೆಯ ಡಬ್ಬಿಗಳನ್ನು ಸಾಲು ಹಚ್ಚಿದರು, ಚಪ್ಪಲಿಗಳಿಗೆ ನಂಬರ್ ಹಾಕಿದರು, ಮೊಮ್ಮಗನ ವಯಸ್ಸಿನ ಕಸದ ಗಾಡಿಯವನಿಗೆ ಹಿಂದಕ್ಕೆ ತೆಗೆಯುವುದು ಹೇಗೆಂದು ಕಲಿಸಿದರು. ಕಾಕಿ ಒಂದು ದಿನ ನನ್ನ ಕೈಯಲ್ಲಿ ಮಂಡಕ್ಕಿ ಸುಸ್ಲಾದ ತಟ್ಟೆ ಇಟ್ಟು, “ಇವರಿಗೆ ಏನರೆ ಕೆಲಸ ಹಚ್ಚೋ ತಮ್ಮಾ. ಇಲ್ಲಾಂದ್ರ ನನ್ನ ತವರಿಗೆ ರವಾನಾ ಮಾಡ್ತಾರ,” ಎಂದರು. ನಗುತ್ತಲೇ ಅಂದರೂ ಕಣ್ಣು ನಗುತ್ತಿರಲಿಲ್ಲ. ಕಾಕಾ ಆಗಲೇ ಊಟವನ್ನು ಅರ್ಧಕ್ಕೆ ಇಳಿಸಿದ್ದರು.

ಮಗಳು ಬಿಟ್ಟುಹೋದ ಒಂದು ಹಳೆ ಕಂಪ್ಯೂಟರ್ ಮನೆಯಲ್ಲಿತ್ತು. “ಆಟ ಆಡ್ತೀರಾ ಕಾಕಾ?” ಎಂದು ಕೇಳಿದೆ. ಎರಡು ದಿನ ಯೋಚಿಸಿ, ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಬರೆದು ಕೊಟ್ಟರು. ನೀಲಿಯಲ್ಲಿ: ಆಕಾಶದಾಗ ಇರಬೇಕು. ಕಟ್ಟೂದು ಇರಬೇಕು. ಮಾಲು ಬರಬೇಕು, ಹೋಗಬೇಕು. ನಾ ಒಬ್ಬನ ಇರಬೇಕು. ಕೆಂಪಿನಲ್ಲಿ: ಯಾರನ್ನೂ ಹೊಡಿಯೂದು ಬ್ಯಾಡ.

“ಆಕಾಶ ಯಾಕೆ ಕಾಕಾ?”

“ಲಿಂಗಂಪಲ್ಲಿಯಾಗ ಜಾಗಾ ಎಲ್ಲೈತೋ?”

ಐದು ನಿಮಿಷದಲ್ಲಿ ಹುಡುಕಿಕೊಡುತ್ತೇನೆ ಎಂದೆ. ಎರಡು ತಿಂಗಳು ಹಿಡಿಯಿತು. ಮನುಷ್ಯ ಅಷ್ಟು ದೂರ, ನಕ್ಷತ್ರಗಳ ನಡುವೆ ಹೋದರೂ ಹೊಡೆದಾಡುವುದು ಬಿಡುವುದಿಲ್ಲ ಎಂಬುದು ಆಗ ತಿಳಿಯಿತು. ಮೊದಲು ತಂದ ಆಟದಲ್ಲಿ ಕಾಕಾ ಒಂದು ಕೋಣೆ ಕಟ್ಟಿ ಮುಗಿಸುವಷ್ಟರಲ್ಲಿ ಕಪ್ಪು ಹಡಗುಗಳು ಬಂದು ಬೆಂಕಿ ಉಗುಳಿದವು. ಕಾಕಾ ಎದ್ದು ನಿಂತರು.

“ಯಾರಿವ್ರು?”

“ಶತ್ರುಗಳು ಕಾಕಾ.”

“ಈಗರೆ ಬಂದೀನಿ ಈ ಊರಿಗೆ. ಇಷ್ಟ ಲಗೂನ ಶತ್ರು ಹ್ಯಾಂಗ ಆದ್ರೋ? ನಕ್ಕೋ!” ಹಾಗೆಂದರೆ ಬೇಡ; ಆ ಆಟ ಅಲ್ಲಿಗೆ ಮುಗಿಯಿತು.

ಎರಡನೆಯದರಲ್ಲಿ ಬೇರೆಯವರೂ ಇಂಟರ್ನೆಟ್ ಮೂಲಕ ಬಂದು ಆಡುತ್ತಾರೆಂಬುದನ್ನು ನಾನು ಓದಿರಲಿಲ್ಲ. ಹೆಡ್‌ಫೋನಿನಲ್ಲಿ ಯಾವನೋ ಹುಡುಗ ಹಿಂದಿಯಲ್ಲಿ ಕಾಕಾನ ಮೂರು ತಲೆಮಾರನ್ನು ಜಾಲಾಡತೊಡಗಿದ. ಕಾಕಾ ಶಾಂತವಾಗಿ ಕೇಳಿಸಿಕೊಂಡು, “ಬೇಟಾ, ಖಾನಾ ಖಾಯಾ ಕ್ಯಾ?” ಎಂದರು. ಆ ಕಡೆಯಿಂದ ಸಣ್ಣ ದನಿ: “ನೈ ಅಂಕಲ್.” ಅವನನ್ನು ಊಟಕ್ಕೆ ಕಳಿಸುವವರೆಗೂ ಕಾಕಾ ಬಿಡಲಿಲ್ಲ. “ಒಬ್ಬನ ಇರಬೇಕು ಅಂದಿದ್ದೆ. ನೀ ನೋಡಿದ್ರ ಮಂದಿ ಮಕ್ಕಳನ್ನ ಉಣಸೂ ಕೆಲಸ ಹಚ್ಚೀದಿ. ನಕ್ಕೋ.” ಮೂರನೆಯದರಲ್ಲಿ ಬರೀ ಪಟ್ಟಿ, ಬರೀ ಗೆರೆ. “ಇದು ಆಟ ಅಲ್ಲೋ, ನಿಮ್ಮ ಆಫೀಸು.”

ಆಗ ನಾನೊಂದು ಉಪಾಯ ಮಾಡಿದೆ. ಆಟಗಳ ಬಗ್ಗೆ ಜನ ಬರೆದ ಹೊಗಳಿಕೆ ಓದುವುದು ಬಿಟ್ಟು ಬೈಗುಳ ಓದಲು ಶುರು ಮಾಡಿದೆ. ಒಬ್ಬ ಸಿಟ್ಟಿನಿಂದ ಬರೆದಿದ್ದ: ಮೂರು ಗಂಟೆ ಆಡಿದೆ, ಒಂದು ಗುಂಡೂ ಹಾರಲಿಲ್ಲ, ಬರೀ ಐಸ್ ಒಡೆದು ಹಡಗಿಗೆ ತುಂಬುವುದೇ ಆಯಿತು. ಓದಿದವನೇ ಮೆಟ್ಟಿಲು ಎರಡೆರಡು ಹಾರಿ ಕೆಳಗೆ ಓಡಿದೆ.

ಅದೊಂದು ಬೋಳು ಬಂಡೆ. ಅದರೊಳಗಿನ ಐಸ್, ಕಾಕಾನ ಮಾತಿನಲ್ಲಿ ಬರ್ಫ, ಒಡೆದರೆ ನೀರು, ನೀರಿನಿಂದ ಉಸಿರಾಡುವ ಗಾಳಿ, ಗಾಜಿನ ಕೆಳಗೆ ಗೋಧಿ. ಉಳಿದದ್ದನ್ನು ಹಡಗಿಗೆ ತುಂಬಿ ಬೇರೆ ಬಂಡೆಗಳಿಗೆ ಕಳಿಸಬೇಕು, ಅಲ್ಲಿಯದನ್ನು ತರಿಸಬೇಕು. ಕಾಕಾನ ಮುಖ ನೋಡಬೇಕಿತ್ತು. ಮರುದಿನದಿಂದ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಹತ್ತಕ್ಕೆ ಕೂತರೆ ಒಂದಕ್ಕೆ ಏಳುವುದು. ಭಾನುವಾರ ರಜೆ, ಯಾಕೆಂದರೆ “ಆ ಮಂದಿಗೂ ಮನಿ ಮಠ ಇರ್ತಾವ”. ನಲವತ್ತೊಂದು ಜನಕ್ಕೂ ಒಂದೊಂದು ಹೆಸರಿಟ್ಟು, ಯಾರು ರಾತ್ರಿಪಾಳಿ, ಯಾರು ಹಗಲುಪಾಳಿ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿದ್ದರು. ಊಟ ಮತ್ತೆ ಪೂರ್ತಿಯಾಯಿತು. ಕಾಕಿಗೆ ಹೊಸ ದೂರು ಸಿಕ್ಕಿತು: “ಮನಿಯಾಗ ಹಾಲು ಉಕ್ಕಿದ್ರ ಏಳಂಗಿಲ್ಲ. ಆಕಾಶದಾಗ ನಳ ಸೋರಿದ್ರ ಓಡ್ತಾರ.”

ಹೀಗಿರುವಾಗ ತಂಗಿಯ ಮೊಮ್ಮಗಳ ನಾಮಕರಣಕ್ಕೆ ಕಾಕಾ ನಾಲ್ಕು ದಿನ ಕಲಬುರಗಿಗೆ ಹೊರಟರು. ಕಾಕಿ ಹೋಗಲಿಲ್ಲ, ಆ ನಾದಿನಿಯ ಮನೆಯ ಚಹಾಕ್ಕೆ ಸಕ್ಕರೆ ಇರುವುದಿಲ್ಲವಂತೆ. ಹೊರಡುವ ಬೆಳಿಗ್ಗೆ ಕಾಕಾ ನನ್ನನ್ನು ಕರೆದು ಕೂರಿಸಿದರು. ಕಾರ್ಬನ್ ಇಟ್ಟು ಎರಡು ಪ್ರತಿ ಬರೆದ ಚಾರ್ಜ್ ರಿಪೋರ್ಟ್ ಮುಂದಿಟ್ಟರು. ರಜೆಯ ಮೇಲೆ ಹೋಗುವ ಅಧಿಕಾರಿ ಇಂಥವರು, ಚಾರ್ಜ್ ತೆಗೆದುಕೊಳ್ಳುವ ಅಧಿಕಾರಿ ಇಂಥವರು. ಜನ ನಲವತ್ತೊಂದು, ಹಡಗು ಆರು. ಕೆಳಗೆ ಕೆಂಪಿನಲ್ಲಿ: ಕೂಡಿಟ್ಟ ಬರ್ಫದ ಗುಡ್ಡಿ ಮುಟ್ಟಬಾರದು.

ಕಂಪ್ಯೂಟರ್ ಬಂದ್ ಮಾಡಿದರೆ ಆ ಲೋಕವೇ ನಿಂತುಬಿಡುತ್ತದೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಇಂಥ ನಾಟಕ ಮತ್ತೆ ಸಿಕ್ಕುವುದೇ? ರೈಲ್ವೆ ಪ್ರಕಟಣೆಯ ಹೆಂಗಸಿನ ದನಿಯಲ್ಲಿ, “ಯಾತ್ರಿಗಳು ದಯವಿಟ್ಟು ಗಮನಿಸಬೇಕು,” ಎಂದು ಶುರುಮಾಡಿ, ಸೊಟ್ಟ ಸಹಿ ಹಾಕಿದೆ. ಕಾಕಾ ನಗದೆ ಒಂದು ಪ್ರತಿ ನನಗೆ ಕೊಟ್ಟು, ಒಂದನ್ನು ಮಡಚಿ ಜೇಬಿಗಿಟ್ಟುಕೊಂಡರು.

ಶನಿವಾರ ಸುಮ್ಮನೆ ಕೂತು ಆಟ ತೆರೆದೆ. ದೂರದ ಬಂಡೆಯೊಂದರಲ್ಲಿ ಬರ್ಫದ ಬೆಲೆ ದುಪ್ಪಟ್ಟಾಗಿತ್ತು. ಇಲ್ಲಿ ಗುಡ್ಡದಷ್ಟು ಸುಮ್ಮನೆ ಬಿದ್ದಿತ್ತು. ಬಿದ್ದ ಮಾಲು ಸತ್ತ ಮಾಲು ಎಂದು ನಮ್ಮ ಮ್ಯಾನೇಜರು ವಾರಕ್ಕೊಮ್ಮೆ ಮೂಗಿನಿಂದ ಹೇಳುತ್ತಾರೆ. ನಾನೂ ಮೂಗಿನಿಂದಲೇ ಹೇಳಿಕೊಂಡು ಗುಡ್ಡಿಯನ್ನೆಲ್ಲ ಮಾರಿ, ಬಂದ ಹಣದಲ್ಲಿ ಥಳಥಳ ಹೊಳೆಯುವ ಗಾಜಿನ ಹೋಟೆಲು ಕಟ್ಟಿಸಿದೆ. ಕಾಕಾ ಬಂದು ಬೆರಗಾಗಲಿ ಎಂದು.

ಅರ್ಧ ಗಂಟೆಯಲ್ಲಿ ಹೊಸ ಬರ್ಫ ತೆಗೆಯುವ ಯಂತ್ರ ಕೆಟ್ಟಿತು. ಗುಡ್ಡಿ ಇದ್ದದ್ದೇ ಅಂಥ ದಿನಕ್ಕಾಗಿ. ನೀರು ನಿಂತಿತು, ಗಾಳಿ ನಿಂತಿತು. ನಲವತ್ತೊಂದು ಜನ ಒಬ್ಬೊಬ್ಬರಾಗಿ ಅಲ್ಲಲ್ಲೇ ಕೂತು ಒರಗಿದರು. ಹೋಟೆಲಿನ ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ನಾನು ಏನೇನೋ ಒದರಿದೆ. ಆಮೇಲೆ, ಕಾಕಾ ಬಿಟ್ಟುಹೋದ ಸ್ಥಿತಿ ಕಂಪ್ಯೂಟರಿನಲ್ಲಿ ಉಳಿದಿತ್ತಲ್ಲ, ಅದನ್ನೇ ತೆರೆದಿಟ್ಟು, ಸತ್ತವರನ್ನೆಲ್ಲ ಎಬ್ಬಿಸಿ, ಕೈ ತೊಳೆದುಕೊಂಡು ಮೇಲೆ ಹೋದೆ.

ಕಾಕಾ ಊರಿಂದ ಮರಳಿದ ದಿನ ಆಡಿದ ಮಾತಿಗೆ ನನ್ನದೇನನ್ನೂ ಸೇರಿಸಲಾರೆ. ಹಾಗಾಗಿ ನಂತರದ್ದನ್ನು ಮುಂಚೆಯೇ ಹೇಳುತ್ತೇನೆ. ನಾನು ಎಬ್ಬಿಸಿದವರನ್ನು ಅವರು ಒಪ್ಪಲಿಲ್ಲ. ಹೊಸ ಬಂಡೆಯ ಮೇಲೆ ಮೊದಲಿನಿಂದ ಶುರು ಮಾಡಿದರು. ಮೂರು ಶನಿವಾರ ನನ್ನಿಂದಲೇ ಬರ್ಫ ಒಡೆಸಿದರು. ಇನ್ನೂ ಎರಡು ವರ್ಷ ಹತ್ತಕ್ಕೆ ಕೂತು ಒಂದಕ್ಕೆ ಎದ್ದರು. ಹೋದ ಚಳಿಗಾಲ ಎದೆನೋವೆಂದವರು ಆಸ್ಪತ್ರೆ ಮುಟ್ಟಲಿಲ್ಲ. ಅವರ ದನಿಯನ್ನು ನಾನು ಈಗಲೂ ತೆಗೆಯಬಲ್ಲೆ. ಕಾಕಿಯ ಮುಂದೆ ಮಾತ್ರ ತೆಗೆಯುವುದಿಲ್ಲ. ಆಫೀಸಿನಲ್ಲಿ ಯಾರಾದರೂ ರಜೆಗೆ ಹೋಗುವಾಗ ಕೆಲಸ ಒಪ್ಪಿಸಿದರೆ, ಎರಡು ಸಲ ಓದದೆ ಹೂಂ ಎನ್ನುವುದಿಲ್ಲ. ಸಹೋದ್ಯೋಗಿಗಳು ಇದನ್ನು ಭಯ ಎನ್ನುತ್ತಾರೆ. ಇರಬಹುದು.

ಅಂದು ಕಾಕಾ ಊರಿಂದ ಬಂದವರೇ ಚೀಲ ಇಳಿಸದೆ ಕಂಪ್ಯೂಟರ್ ತೆರೆದರು.

“ನಾಕು ದಿನ ಒಂದು ಹಡಗೂ ಹೊಂಟಿಲ್ಲಲ್ಲೋ?”

“ಬಂದ್ ಮಾಡಿದ್ರೆ ಅದು ನಿಂತೇ ಇರುತ್ತೆ ಕಾಕಾ. ನಿಮಗೆ ಗೊತ್ತಿರಲಿಲ್ವಾ?” ಎಂದು ಮುಗ್ಧನಾದೆ.

“ಗೊತ್ತೈತಿ. ನೀ ನಡಸ್ತಿ ಅಂತ ಕೊಟ್ಟಿದ್ದೆ. ನಡಸಲಿಲ್ಲೇನು?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಕಾಕಿ: “ನಡಸಿದ್ನಲ್ಲ! ಶನಿವಾರ ‘ಅಯ್ಯಯ್ಯೋ, ಸತ್ರು, ಎಲ್ಲಾರೂ ಸತ್ರು’ ಅಂತ ಒದರಿದ್ದು ಕೇಳಿ ನನ್ನ ಕೈಯಾಗಿನ ರೊಟ್ಟಿ ಹರೀತು.”

ಕಾಕಾ ಕುರ್ಚಿ ತಿರುಗಿಸಿದರು. ನಾನು ಪ್ರಕಟಣೆಯ ಹೆಂಗಸಿನ ದನಿ ತೆಗೆದೆ. ನಡೆಯಲಿಲ್ಲ. ಮ್ಯಾನೇಜರ ಮೂಗು ತೆಗೆದೆ. ಅದೂ ನಡೆಯಲಿಲ್ಲ. ಕೊನೆಗೆ ಬರ್ಫ, ಹೋಟೆಲು ಎಲ್ಲ ಹೇಳಿ, ನನ್ನದೇ ದನಿಯಲ್ಲಿ ವಾದ ಹೂಡಿದೆ: “ಅವ್ರೇನು ನಿಜವಾದ ಜನ ಅಲ್ವಲ್ಲ ಕಾಕಾ.”

ಕಾಕಾ ಜೇಬಿನಿಂದ ಮಡಚಿದ ಕಾಗದ ತೆಗೆದು, ಬಿಡಿಸಿ, ನನ್ನ ಸೊಟ್ಟ ಸಹಿಯ ಮೇಲೆ ಬೆರಳಿಟ್ಟರು.

“ಅವ್ರು ಖರೇ ಮಂದಿ ಇರಲಿಕ್ಕಿಲ್ಲೋ. ಸಹಿ ಮಾಡಿದಾಂವ ಖರೇನ ನೀನ ಅಲ್ಲೇನು?”