ಇದ್ದಿಲಲ್ಲಿ ಬರೆದ ಫೈನಲ್

ಮುಂಬೈಯ ಗೋರೆಗಾಂವ್‌ನಲ್ಲಿ ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕದಲ್ಲೇ ಇಸ್ತ್ರಿಯವರ ಮೇಜು ಇತ್ತು. ಬಿಜಾಪುರದ ಕಡೆಯವರು. ಬೆನ್ನ ಹಿಂದಿನ ಗೋಡೆಯ ಮೇಲೆ ನಮ್ಮ ಗಲ್ಲಿಯ ಕಬಡ್ಡಿ ತಂಡದ ಒಬ್ಬೊಬ್ಬರ ಪಾಯಿಂಟುಗಳನ್ನೂ ಇದ್ದಿಲಿನಿಂದ ಬರೆದಿಡುತ್ತಿದ್ದರು. ಹಳೇ ಕ್ಯಾಪ್ಟನ್ ದೊಡ್ಡ ಆಟಗಾರನೋ ಹೊಸಬನೋ ಎಂದು ನಾವು ಚಹಾ ಹಿಡಿದು ಕಿತ್ತಾಡುವಾಗ ಅವರು ತಲೆ ಎತ್ತದೆ ಹಿಂದಕ್ಕೆ ಬೆರಳು ತೋರಿಸುತ್ತಿದ್ದರು.

"ಬಾಯಿಮಾತ ಬ್ಯಾಡ್ರಿ. ಗ್ವಾಡಿ ನೋಡ್ರಿ."

ಒಂದು ವರ್ಷ ನಮ್ಮ ಒಳ್ಳೆಯ ರೇಡರ್ ವಿಕ್ರೋಳಿಯ ತಂಡಕ್ಕೆ ಹೋಗಿಬಿಟ್ಟ. ಗಲ್ಲಿಗೆ ಗಲ್ಲಿಯೇ ಅವನನ್ನು ಬೈಯಿತು. ಫೈನಲ್ಲಿನಲ್ಲಿ ಅದೇ ತಂಡ ನಮಗೆ ಎದುರಾಯಿತು. ಅಂದು ಬೆಳಿಗ್ಗೆ ಅವನು ಎಂದಿನಂತೆ ಬಂದು ಜೆರ್ಸಿಯನ್ನು ಇಸ್ತ್ರಿಗೆ ಕೊಟ್ಟು ಹೋದ. ಹೊಸ ತಂಡದ ಜೆರ್ಸಿ.

"ಸುಟ್ಟುಬಿಡಿ ಅಣ್ಣ, ಕೈ ತಪ್ಪಿತು ಅಂದ್ರಾಯ್ತು," ಎಂದೆ. ಸುತ್ತ ನಿಂತವರು ನಕ್ಕರು.

ಇಸ್ತ್ರಿಯವರು ನಗಲಿಲ್ಲ. ಜೆರ್ಸಿಯ ಒಳಮೈ ಹೊರಗೆ ತಿರುವಿ, ಬೆನ್ನಿನ ನಂಬರು ಕರಗದಂತೆ ಒದ್ದೆ ಬಟ್ಟೆ ಹಾಸಿ, ಮದುವೆಯ ಸೀರೆಗೆ ಎಳೆಯುವಷ್ಟು ನಿಧಾನವಾಗಿ ಇಸ್ತ್ರಿ ಎಳೆದರು.

ಸಂಜೆ ಅವನೊಬ್ಬನೇ ನಮ್ಮನ್ನು ಸೋಲಿಸಿದ.

ಮರುದಿನ ಗೋಡೆ ನೋಡಿದೆ. ಫೈನಲ್ಲಿನಲ್ಲಿ ಅವನು ಗಳಿಸಿದ ಪಾಯಿಂಟುಗಳೆಲ್ಲ ನಮ್ಮ ತಂಡದ ಪಟ್ಟಿಯಲ್ಲಿ, ಮೊದಲಿನಿಂದ ಇದ್ದ ಅವನ ಹೆಸರಿನ ಮುಂದೆಯೇ ಇದ್ದವು.

"ಅಣ್ಣ, ಇದು ತಪ್ಪಲ್ವಾ? ಅವನೀಗ ಅವರ ಕಡೆಯವನು."

"ಗೊತ್ತೈತ್ರಿ," ಎಂದು ಇಸ್ತ್ರಿಪೆಟ್ಟಿಗೆಯ ಕೆಂಡ ಊದಿದರು. ಅಳಿಸಲಿಲ್ಲ.

ಆ ಗೋಡೆಯ ಲೆಕ್ಕ ಕೂಡಿದರೆ, ಫೈನಲ್ ಗೆದ್ದವರು ನಾವೇ.