ಬಾವಿ ಕಾಯುವ ಡಬ್ಬಿ

ನಮ್ಮ ಕಾಲೇಜಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟುಗಳ ಕಾಲ ಬಂತೆಂದು ನನಗೆ ನೋಟಿಸ್ ಬೋರ್ಡು ಹೇಳಬೇಕಾಗಿಲ್ಲ, ಮೂಗೇ ಹೇಳುತ್ತದೆ. ಸಮಾಜಶಾಸ್ತ್ರ ಕಲಿಸುವ ನನ್ನ ಕೋಣೆಗೂ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯಕ್ಕೂ ನಡುವೆ ಒಂದೇ ಗೋಡೆ. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಮೇಲಿನ ಜಾಲಿಯಿಂದ ಈಚೆಗೆ ಇಳಿದು ಬರುತ್ತದೆ. ಊದಿನಕಡ್ಡಿಯ ದೂರದ ಸಂಬಂಧಿಯಂಥ ವಾಸನೆ. ಬೇರೆಯವರು ಮೂಗು ಮುಚ್ಚಿ ಕಿಟಕಿ ತೆರೆಯುತ್ತಾರೆ. ನಾನು ಪೆನ್ನು ಕೆಳಗಿಟ್ಟು ಉಸಿರು ಜಗ್ಗುತ್ತೇನೆ. ಇವತ್ತೂ ಹಾಗೇ ಆಯಿತು. ಶಬಾನಾ ನೆನಪಾದಳು. ಇನ್ನು ಪಾಠದ ತಯಾರಿ ಆದ ಹಾಗೇ ಇದೆ ಎಂದು ಪುಸ್ತಕ ಮುಚ್ಚಿಟ್ಟೆ.

ಶಬಾನಾ ಸಿಂದಗಿಯವಳು. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ ಅವರಪ್ಪನದು. ತಾಮ್ರದ ತಂತಿಯ ನಡುವೆಯೇ ಬೆಳೆದ ಹುಡುಗಿ ಎಂ.ಟೆಕ್‌ಗೆ ಬಂದಿದ್ದಳು. ಇಂಡಿ ತಾಲೂಕಿನವಳಾದ ನಾನು ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮಾಡುತ್ತಿದ್ದೇನೆ ಎಂದು ಮನೆಯವರಿಗೆ ಹೇಳುತ್ತಿದ್ದೆ ಎನ್ನುವುದು ಸತ್ಯಕ್ಕೆ ಇನ್ನೂ ಹತ್ತಿರ. ಎಂಜಿನಿಯರಿಂಗಿನವರೂ ಸಮಾಜವಿಜ್ಞಾನದವರೂ ಕೂಡಿ ಕೆಲಸ ಮಾಡಬೇಕು ಎಂಬ ಉತ್ಸಾಹದ ಗಾಳಿ ಆಗ ಬೀಸಿತ್ತು. 'ನೀರು ಮತ್ತು ಸಮುದಾಯ' ಎಂಬ ಜಂಟಿ ಯೋಜನೆಯಲ್ಲಿ ನಮ್ಮಿಬ್ಬರನ್ನೂ ಹಾಕಿದರು. ನೀರು ಅವಳಿಗೆ, ಸಮುದಾಯ ನನಗೆ ಎಂದು ಹಂಚಿಕೆಯಾಯಿತು. ಬಾಡಿಗೆ ಕೋಣೆಯೂ ಒಂದೇ. ಒಲೆಯ ಈ ಬದಿಗೆ ನನ್ನ ಪಲ್ಯ ಸೀಯುತ್ತಿದ್ದರೆ ಆ ಬದಿಗೆ ಅವಳ ಬೆಸುಗೆ ಹೊಗೆಯಾಡುತ್ತಿತ್ತು.

ಅವಳು ಮಾಡಿದ್ದು ಒಂದು ಡಬ್ಬಿ. ಊಟದ ಡಬ್ಬಿಗಿಂತ ತುಸು ದೊಡ್ಡದು. ಬಾವಿಯ ಮೇಲೆ ಅಡ್ಡ ಹಾಕಿದ ಕೊಳವೆಗೆ ಅದನ್ನು ಮುಖ ಕೆಳಗೆ ಮಾಡಿ ಬಿಗಿದರೆ, ನಮ್ಮ ಕಿವಿಗೆ ಕೇಳದ ಒಂದು ಕೂಗನ್ನು ಬಾವಿಯೊಳಕ್ಕೆ ಹಾಕುತ್ತದೆ. ಕೂಗು ನೀರಿಗೆ ತಾಗಿ ಮರಳಿ ಬರಲು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ನೀರು ಎಷ್ಟು ಆಳದಲ್ಲಿದೆ ಎಂದು ಲೆಕ್ಕ. ತಾಸಿಗೊಮ್ಮೆ ಅಳೆದು, ಸಂಜೆಗೆ ಸರಾಸರಿ ತೆಗೆದು, ಒಂದೇ ಒಂದು ಅಂಕಿಯನ್ನು ಫೋನಿಗೆ ಕಳಿಸುತ್ತದೆ. ಯಾರೂ ಬಾವಿಯ ತನಕ ಹೋಗಬೇಕಾಗಿಲ್ಲ, ಅದೇ ಅದರ ಹೆಗ್ಗಳಿಕೆ. ಆದರೆ ಅವಳ ಗೈಡ್ ಸರ್‌ಗೆ ಅನುಮಾನ. "ಪ್ಯಾಟ್ಯಾಗ ಸಿಗೂ ಸಾಮಾನು ಕೂಡಿಸಿ ಡಬ್ಬಿ ಮಾಡಿದ್ರ ಅದನ್ನ ಯಾರ್ ನಂಬತಾರವಾ? ನಂಬೂ ಹಂಗ ತೋರ್ಸು. ಇಲ್ಲಾಂದ್ರ ಡಿಗ್ರಿ ಮಾತ ಬ್ಯಾಡ" ಎಂದಿದ್ದರು. ಶಬಾನಾ ಕೋಣೆಗೆ ಬಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, "ಇದು ಸುಳ್ಳ್ ಹೇಳೂದಿಲ್ಲಕ್ಕಾ" ಎಂದಳು. ಡಿಗ್ರಿ ಹೋದರೆ ಹೋಗಲಿ, ತಾನು ಕೈಯಾರೆ ಮಾಡಿದ್ದನ್ನು ನಂಬಬಾರದು ಎನ್ನಿಸಿಕೊಂಡರೆ ಅವಳಿಗೆ ತಡೆಯುವುದಾಗುತ್ತಿರಲಿಲ್ಲ.

ನಿಡಗುಂದಿಯಿಂದ ಬಸವನ ಬಾಗೇವಾಡಿಗೆ ಬರುವ ದಾರಿಯ ಒಂದು ಹಳ್ಳಿಯಲ್ಲಿ ನೀಲವ್ವ ಎಂಬ ಅಜ್ಜಿಯ ಹೊಲದ ಬಾವಿಗೆ ಡಬ್ಬಿ ಕೂರಿಸಿದೆವು. ಅಜ್ಜಿ ಸುತ್ತಲೂ ತಿರುಗಿ ನೋಡಿ, "ಇದೇನ್ ಮಾಡತೈತಿ?" ಎಂದು ಕೇಳಿದಳು. ನಾನು, ಸಮುದಾಯದ ಹೊಣೆ ಹೊತ್ತವಳು, ಸರಳವಾಗಿ ತಿಳಿಸಬೇಕೆಂದು, "ನಿಮ್ಮ ಬಾವಿ ಕಾಯ್ತೈತ್ರಿ ಅಜ್ಜಿ, ಹಗಲೂ ರಾತ್ರಿ ದುಡೀತೈತಿ" ಎಂದೆ. ಎಷ್ಟು ಚೆಂದ ಹೇಳಿದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡೆ.

ಕೆಲವು ವಾರಗಳಲ್ಲಿ ಫೋನಿಗೆ ಬಂದ ಅಂಕಿಗಳು ನಮ್ಮ ತಲೆ ತಿರುಗಿಸಿದವು. ಬೇಸಿಗೆ ಶುರುವಾಗಿದೆ, ನೀರು ಇಳಿಯಬೇಕು. ಈ ಬಾವಿಯಲ್ಲಿ ಏರುತ್ತಿದೆ! ಅದೂ ಪ್ರತಿ ಸೋಮವಾರ ಏರಿ, ಆಮೇಲೆ ದಿನದಿನವೂ ಸ್ವಲ್ಪ ಸ್ವಲ್ಪ ಇಳಿದು, ಮುಂದಿನ ಸೋಮವಾರ ಮತ್ತೆ ಏರುತ್ತದೆ. ಸಮುದ್ರವನ್ನೇ ಕಾಣದ ನಮ್ಮ ಜಿಲ್ಲೆಯ ಬಾವಿಯೊಂದಕ್ಕೆ ಉಬ್ಬರವಿಳಿತ ಬಂದಿತ್ತು. ಇದರಷ್ಟು ಖುಷಿಯ ಸಂಗತಿ ಸಂಶೋಧನೆ ಮಾಡುವವರ ಬಾಳಿನಲ್ಲಿ ಇನ್ನೊಂದು ಇದ್ದರೆ ನೀವೇ ಹೇಳಿ. ಶಬಾನಾ ಕೋಣೆಯಲ್ಲಿ ಕುಣಿದಳು. ಗೈಡ್ ಸರ್ ನಕಾಶೆ ಬಿಚ್ಚಿ, ಕಾಲುವೆಗೆ ವಾರಕ್ಕೊಮ್ಮೆ ನೀರು ಬಿಡುವ ಸರದಿ ಇರಬೇಕು, ಅದು ಬಸಿದು ಬಾವಿಗೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಿದರು. ಅವರ ದನಿಯಲ್ಲಿ ಅನುಮಾನ ಪೂರಾ ಹೋಗಿತ್ತು.

ನಾನು ಸುಮ್ಮನಿರುವುದುಂಟೇ? ನನಗೆ ಅದಕ್ಕಿಂತ ಭಾರಿ ಸಿದ್ಧಾಂತ ಹೊಳೆದಿತ್ತು. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಅಂದು ಎತ್ತು ಹೂಡುವುದಿಲ್ಲ. ಹೊಲದ ಕೆಲಸ ನಿಂತರೆ ನೀರು ಎತ್ತುವುದೂ ನಿಂತಂತೆ, ಹಾಗಾಗಿ ಬಾವಿ ತುಂಬಿಕೊಳ್ಳುತ್ತದೆ! ನೀಲವ್ವಜ್ಜಿಯ ಮಗನಿಗೆ ಫೋನು ಮಾಡಿ, "ಸೋಮಾರ ಎತ್ತು ಹೂಡ್ತೀರೇನ್ರಿ?" ಎಂದು ಕೇಳಿದೆ. "ಇಲ್ರಿ, ಹೂಡಬಾರದ್ರಿ" ಎಂದ. ಅಷ್ಟೇ ಸಾಕಾಯಿತು. 'ಪವಿತ್ರ ವಿರಾಮ ಮತ್ತು ಅಂತರ್ಜಲ' ಎಂಬ ತಲೆಬರಹ ಕೊಟ್ಟು ಒಂದು ಅಧ್ಯಾಯವನ್ನೇ ಬರೆದುಬಿಟ್ಟೆ. ಆ ಹೊಲದಲ್ಲಿ ನೀರು ಎತ್ತುವುದು ಎತ್ತಲ್ಲ, ಕರೆಂಟಿನ ಮೋಟರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಸಿದ್ಧಾಂತದ ಮುಂದೆ ಮೋಟರು ಯಾವ ಲೆಕ್ಕ!

ನೆಮ್ಮದಿ ಇಲ್ಲದ್ದು ಶಬಾನಾಗೆ ಮಾತ್ರ. ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಷ್ಟೂ ಅವಳು ಕುಣಿಯುವುದು ಕಡಿಮೆಯಾಯಿತು. "ಅಕ್ಕಾ, ನೀರು ಹಿಂಗ ಏರೂದಿಲ್ಲ. ಒಮ್ಮೆ ಸೋಮಾರ ಹೋಗಿ ನೋಡೋಣು" ಎಂದಳು. ಸೋಮವಾರ ಸರ್ ಜೊತೆ ನಮ್ಮ ಸಭೆ ಇರುತ್ತಿತ್ತು, ಉಳಿದ ದಿನ ಹೋಗುವ ಅಗತ್ಯವೇ ಇರಲಿಲ್ಲ, ಅಂಕಿ ತಾನೇ ಫೋನಿಗೆ ಬರುತ್ತಿತ್ತು; ಹಾಗಾಗಿ ಡಬ್ಬಿ ಕೂರಿಸಿದ ಮೇಲೆ ನಾವು ಆ ಹಳ್ಳಿ ಕಂಡಿರಲಿಲ್ಲ. ಸಭೆಗೆ ಚಕ್ಕರ್ ಹೊಡೆದು ಮುದ್ದೇಬಿಹಾಳದ ಬಸ್ಸು ಹತ್ತಿ, ಹಳ್ಳಿಗೆ ತಿರುಗುವ ಕ್ರಾಸಿನಲ್ಲಿ ಇಳಿದು, ಹೊಲದ ಬದುವಿನ ಮೇಲೆ ನಡೆದೆವು.

ಬಾವಿಯ ಹತ್ತಿರ ಎತ್ತುಗಳು ಮೈ ತೊಳೆಸಿಕೊಂಡು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಮೇಯುತ್ತಿದ್ದವು. ನಮ್ಮ ಡಬ್ಬಿಯೂ ಮೈ ಒರೆಸಿಕೊಂಡು, ನೆತ್ತಿಗೆ ಕುಂಕುಮ ಹಚ್ಚಿಸಿಕೊಂಡು, ಕೊರಳಲ್ಲಿ ಅಂಥದ್ದೇ ಹಾರ ಹಾಕಿಕೊಂಡಿತ್ತು. ಗಾಳಿ ಬೀಸಿದಾಗ ಹಾರ ತೂಗಿ ಡಬ್ಬಿಯ ಬಾಯಿಗೆ ಅಡ್ಡ ಬರುತ್ತಿತ್ತು, ಮತ್ತೆ ಸರಿಯುತ್ತಿತ್ತು.

"ಅಜ್ಜಿ, ಇದಕ್ಯಾಕ ಹಾರ ಹಾಕಿದ್ರಿ?" ಎಂದು ಕೇಳಿದೆ.

"ನೀನ ಹೇಳಿದ್ಯಲ್ಲವಾ, ಹಗಲೂ ರಾತ್ರಿ ದುಡೀತೈತಿ ಅಂತ" ಎಂದಳು ನೀಲವ್ವಜ್ಜಿ. "ದುಡಿಯೂ ಎತ್ತಿಗಿ ಸೋಮಾರಕ್ಕೊಮ್ಮಿ ಹಾರ ಹಾಕ್ತೀವಿ, ಇದಕ್ಕ ಬ್ಯಾಡೇನು? ಎತ್ತಿಗಿ ಹಾಕೂದು ನೋಡ್ಕೋತ ಎದುರಿಗೇ ಐತಿ, ಪಾಪ, ಬಾಯಿಲ್ಲದ್ದು."

ಶಬಾನಾ ಬಾವಿಕಟ್ಟೆಯ ಮೇಲೆ ಕುಳಿತಳು. ಡಬ್ಬಿಯ ಕೂಗು ಕೆಲವು ಸಲ ನೀರಿಗೆ ತಾಗಿದೆ, ಕೆಲವು ಸಲ ಹೂವಿಗೆ ತಾಗಿ ಅಲ್ಲಿಂದಲೇ ಮರಳಿದೆ. ಎರಡೂ ಕೂಡಿಸಿ ಸರಾಸರಿ ತೆಗೆದರೆ ನೀರು ಏರಿದಂತೆ ಕಾಣದೆ ಇನ್ನೇನು! ಹೂ ಬಾಡಿ ಉದುರಿದಷ್ಟೂ ನೀರು ಇಳಿದಂತೆ, ಸೋಮವಾರ ಹೊಸ ಹಾರ ಬಿದ್ದ ಕೂಡಲೇ ಏರಿದಂತೆ. ಸರ್ ಹೇಳಿದ ಕಾಲುವೆ ಒಣಗಿತು, ನನ್ನ ಪವಿತ್ರ ವಿರಾಮ ಬಾವಿಗೆ ಬಿತ್ತು. ನನ್ನದು ಬಿದ್ದದ್ದಕ್ಕೆ ನಗು ಬಂತು; ಅವಳ ಮುಖ ನೋಡಿ ನಗು ಅಲ್ಲೇ ನಿಂತಿತು. "ಸರ್ ಹೇಳಿದ್ದ ಖರೆ ಆತಲ್ಲಕ್ಕಾ, ಯಾರ್ ನಂಬತಾರ ಇದನ್ನ?" ಎಂದಳು.

ಹಾಗೆಂದವಳೇ ಇದ್ದಕ್ಕಿದ್ದಂತೆ ಎದ್ದಳು. ಡಬ್ಬಿ ಬಿಚ್ಚಿ, ತಾಸು ತಾಸಿನ ಅಳತೆ ಉಳಿದಿರುವ ಪುಟ್ಟ ಕಾರ್ಡನ್ನು ತೆಗೆದು ಲ್ಯಾಪ್‌ಟಾಪಿಗೆ ಹಾಕಿದಳು. ಸರಾಸರಿ ತೆಗೆಯುವ ಮೊದಲಿನ ಅಂಕಿಗಳು ಎರಡೇ ಗುಂಪಾಗಿ ನಿಂತಿದ್ದವು, ಆಳದ್ದೊಂದು, ಗೇಣಿನಷ್ಟರದ್ದೊಂದು. ಅವಳು ಟೇಪು ಹಿಡಿದು ಡಬ್ಬಿಯ ಬಾಯಿಂದ ತೂಗುವ ಹೂವಿನ ತನಕ ಅಳೆದಳು. ಆಮೇಲೆ ಕಲ್ಲು ಕಟ್ಟಿದ ಹಗ್ಗ ಬಿಟ್ಟು ನೀರಿನ ತನಕ ಅಳೆದಳು. ಎರಡೂ ತಾಳೆಯಾದವು!

"ಅಕ್ಕಾ! ಹೂವ್ ಇದ್ದಾಗ ಹೂವ್ ಅಂದೈತಿ, ನೀರ್ ಇದ್ದಾಗ ನೀರ್ ಅಂದೈತಿ! ಸುಳ್ಳ್ ಹೇಳೇ ಇಲ್ಲ! ಸರಾಸರಿ ತಗದಾಕಿ ನಾ, ತಪ್ಪೆಲ್ಲ ನಂದು!" ತನ್ನದೇ ತಪ್ಪೆಂದು ಅಷ್ಟು ಸಂತೋಷದಿಂದ ಕೂಗಿದವರನ್ನು ನಾನು ಅಲ್ಲಿವರೆಗೆ ಕಂಡಿರಲಿಲ್ಲ. ಅವಳು ನೀಲವ್ವಜ್ಜಿಯನ್ನು ಅಪ್ಪಿಕೊಂಡಳು. ಎತ್ತುಗಳು ಮೇಯುವುದು ಬಿಟ್ಟು ನಮ್ಮ ಕಡೆ ನೋಡಿದವು.

ಇನ್ನು ಉಳಿದದ್ದು ಅಜ್ಜಿಯ ಜೊತೆ ಮಾತುಕತೆ. ಹಾರ ಹಾಕಬೇಡಿ ಎನ್ನುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಶಬಾನಾ ಮೆಲ್ಲಗೆ, ಹಾರ ಅಡ್ಡ ಬಂದರೆ ಡಬ್ಬಿಗೆ ನೀರು ಕಾಣುವುದಿಲ್ಲ ಎಂದು ತಿಳಿಸಿದಳು. ಅಜ್ಜಿ ಯೋಚಿಸಿ ಕೇಳಿದಳು: "ಸೋಮಾರ ಎತ್ತಿಗಿ ಸೂಟಿ. ನೀವ್ ಇದಕ್ಕೂ ಸೂಟಿ ಕೊಡ್ರಿ. ಅವತ್ತ ಹಾರ ಹಾಕ್ತೇನಿ, ಮಂಗಳಾರ ಮುಂಜಾನೆ ತಗೀತೇನಿ. ಆದೀತೇನು?" ಶಬಾನಾ ನನ್ನ ಕಡೆ ನೋಡಿದಳು. ಸಮುದಾಯ ನನ್ನ ಖಾತೆಯಲ್ಲವೇ? "ಆಗ್ತೈತ್ರಿ ಅಜ್ಜಿ" ಎಂದೆ. ಆ ಯೋಜನೆಯಲ್ಲಿ ನಾನು ಆಡಿದ, ಪ್ರಯೋಜನಕ್ಕೆ ಬಂದ ಮಾತು ಅದೊಂದೇ ಇರಬೇಕು. ಸೋಮವಾರ ರಜೆಯೆಂದು ಅಳೆಯದೆ ಮಲಗುವಂತೆ ಅವಳು ಅಲ್ಲೇ ಕೂತು ಡಬ್ಬಿಗೆ ಹೊಸ ಆಜ್ಞೆ ಬರೆದಳು.

ಗೈಡ್ ಸರ್ ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದರು. ಬೈಯುತ್ತಾರೆ ಎಂದು ಕಾಯುತ್ತಿದ್ದರೆ, "ಕಾಲುವಿ ಬಿಡು. ಹಾರದ್ದು ಬರಿ, ಪೂರಾ ಬರಿ" ಎಂದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರು ಬಿಗಿ ಮುಖದವರು. ಗೋಡೆಯ ಮೇಲೆ ಮೂಡಿಸಿದ್ದ ನಕ್ಷೆಯ ಗೆರೆಯನ್ನೇ ನೋಡುತ್ತ ಕುಳಿತರು. ಹೊಸ ಅಳತೆಗಳ ಪ್ರಕಾರ ನೀರು ಮೆಲ್ಲಗೆ ಇಳಿಯುತ್ತಿತ್ತು, ಪಕ್ಕದಲ್ಲೇ ಹಗ್ಗದಿಂದ ಅಳೆದದ್ದೂ ಇತ್ತು. ಗೆರೆ ಮಾತ್ರ ನಡುನಡುವೆ ಕಡಿದಿತ್ತು.

"ಇಲ್ಲೆಲ್ಲ ಖಾಲಿ ಐತಲ್ಲ, ಯಂತ್ರ ಕೆಟ್ಟಿತ್ತೇನು?"

"ಇಲ್ರಿ ಸರ್. ಸೋಮಾರ ಅದಕ್ಕ ಸೂಟಿ ಐತ್ರಿ. ಬಾವಿ ಮಾಲಕರ ಜೋಡಿ ಹಂಗ ಕರಾರ್ ಆಗೇತ್ರಿ."

ನಾನು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಅವರು ಪ್ರಬಂಧದ ಪುಟ ತಿರುವಿ, ಹಾರದ ಅಧ್ಯಾಯವನ್ನು ನಿಧಾನವಾಗಿ ಓದಿದರು. ಕೊನೆಗೆ ತಲೆ ಎತ್ತಿ, "ಉಳಿದ ದಿನದ ಅಂಕಿ ನಾ ನಂಬತೇನಿ" ಎಂದರು. ಶಬಾನಾ ನಿಂತಲ್ಲೇ ಅತ್ತಳು. ನಾನೂ ಅತ್ತೆ, ಸಮುದಾಯದ ಪರವಾಗಿ.

ಈಗ ಅವಳು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಲಿಸುತ್ತಾಳೆ. ಫೋನು ಮಾಡಿದರೆ ಪ್ರತಿ ಸಲ ಹೊಸದೊಂದು ಯಂತ್ರದ ಸುದ್ದಿ. ನಾನು ಪಿಎಚ್.ಡಿ. ಮುಗಿಸಿ ಮೇಡಂ ಆದಮೇಲೆ, ಯಾಕೋ, ಪ್ರಶ್ನಾವಳಿ ಬರೆದು ಸಹಿ ಹಾಕಿಸಿಕೊಳ್ಳದೆ ಯಾವ ವಿದ್ಯಾರ್ಥಿಯನ್ನೂ ಹಳ್ಳಿಗೆ ಬಿಡದಷ್ಟು ಗಟ್ಟಿಯಾಗಿಬಿಟ್ಟಿದ್ದೆ. ಇವತ್ತು ಮಧ್ಯಾಹ್ನ ಎಂ.ಎ. ಹುಡುಗಿಯರು ಸಹಿಗೆ ಬಂದರು. ನದಿದಂಡೆಯ ರೈತರನ್ನು ಕುರಿತ ಪ್ರಶ್ನೆಗಳು, ಅಚ್ಚುಕಟ್ಟಾಗಿ ಟೈಪಾಗಿದ್ದವು. ನಾನು ಸಹಿ ಹಾಕದೆ ಕಾಗದ ಬೋರಲು ಮಾಡಿ ಮೇಜಿನ ಮೇಲೆ ಇಟ್ಟೆ.

"ಇದನ್ನ ಆಮ್ಯಾಲ ನೋಡೋಣು. ನಾಳೆ ಹೊಳಿದಂಡಿಗೆ, ತಂಗಡಗಿಗೆ ಹೋಗೋಣು, ನಾನೂ ಬರ್ತೇನಿ."

"ಪ್ರಶ್ನಿ ಇಲ್ಲದ ಅಲ್ಲಿ ಹೋಗಿ ಏನ್ ಮಾಡೂದ್ರಿ ಮೇಡಂ?"

"ಕುಂದರೂದು. ಅವ್ರೇನ್ ಮಾಡ್ತಾರ ನೋಡೂದು."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವರಲ್ಲೊಬ್ಬಳ ಕಣ್ಣು ಅರಳಿತು. "ಹಂಗಾರ ಬುತ್ತಿ ಕಟ್ಕೊಂಡ್ ಬರ್ತೀವ್ರಿ ಮೇಡಂ" ಎಂದು ಓಡಿದಳು.